ಚೆನ್ನಾಗಿದೆ ಅಂದ್ಬಿಟ್ರೆ ಸಾಕಾ?

ವೀಕೆಂಡಲ್ಲಿ ರಂಗನತಿಟ್ಟಿಗೆ ಹೋಗಿಬಂದ ಸಹೋದ್ಯೋಗಿ ಸೋಮವಾರ ಕಾಫಿ ಬ್ರೇಕಿನಲ್ಲಿ ಮೊಬೈಲು ಮುಂದೆ ಹಿಡೀತಾರೆ. "ಹೇಗಿದೆ ನೋಡಿ, ನಿಜ ಹೇಳ್ಬೇಕು." ನೀರಿನ ಮೇಲೆ ಹಾರುತ್ತಿರುವ ಬೆಳ್ಳಕ್ಕಿ. ಎರಡು ಸೆಕೆಂಡು ನೋಡಿ "ಸೂಪರ್ ಸರ್!" ಅಂದು ನಾವು ಜಾಗ ಖಾಲಿ ಮಾಡ್ತೀವಿ. ಇದರಲ್ಲಿ ತಪ್ಪೇನಿದೆ? ಅವರೇನು ಫೋಟೋ ಮಾರಿ ಸಂಸಾರ ನಡೆಸಬೇಕಿಲ್ಲ. ವಾರವಿಡೀ ದುಡಿದು ಖುಷಿಗೆ ಅಂತ ತೆಗೆದದ್ದು. ಆ ಖುಷಿಗೆ ಕಲ್ಲು ಹಾಕುವ ಹಕ್ಕು ನಮಗೆ ಯಾರು ಕೊಟ್ಟರು?

ಪ್ರಶ್ನೆ ನ್ಯಾಯವಾದದ್ದೇ. ಕೇಳದವರ ಚಿತ್ರದಲ್ಲಿ ಹುಳುಕು ಹುಡುಕೋದು ಅಧಿಕಪ್ರಸಂಗ. ಮೊಮ್ಮಗುವಿನ ನಾಮಕರಣದ ಫೋಟೋ ತೋರಿಸಿದ ದೊಡ್ಡಮ್ಮನಿಗೆ ಹಿಂದಿನ ಟ್ಯೂಬ್‌ಲೈಟಿನ ಬಗ್ಗೆ ಯಾರೂ ಪಾಠ ಮಾಡಬಾರದು. ಆದರೆ ಬಾಯಿಬಿಟ್ಟು "ನಿಜ ಹೇಳಿ" ಅಂತ ಕೇಳಿದ ಮೇಲೆ ಲೆಕ್ಕ ಬದಲಾಗುತ್ತೆ. ಎರಡು ನಿಮಿಷ ನಿಮ್ಮ ಕಣ್ಣು ಕೊಡಿ ಅಂತ ಅವರು ಕೇಳ್ತಿದ್ದಾರೆ. ಸರಿಯಾಗಿ ನೋಡದೆ "ಸೂಪರ್" ಅನ್ನೋದು ಆ ಎರಡು ನಿಮಿಷ ಉಳಿಸಿಕೊಳ್ಳೋ ಉಪಾಯ. ಅದಕ್ಕೆ ದಾಕ್ಷಿಣ್ಯ ಅಂತ ಒಳ್ಳೆ ಹೆಸರು ಇಟ್ಟುಕೊಂಡಿದ್ದೀವಿ, ಅಷ್ಟೆ.

ಇನ್ನೊಂದು ತುದಿಯಲ್ಲಿ ಪಂಡಿತರಿದ್ದಾರೆ. "ರೂಲ್ ಆಫ್ ಥರ್ಡ್ಸ್ ಇಲ್ವಲ್ಲ", "ಕಿಟ್ ಲೆನ್ಸಲ್ಲಿ ಇಷ್ಟೇ ಬರೋದು", "ನಾನಾಗಿದ್ರೆ ಎಡಕ್ಕೆ ನಿಂತು ತೆಗೀತಿದ್ದೆ". ನೇರವಾಗಿ ಮಾತಾಡ್ತೀವಿ ಅಂತ ಇವರಿಗೆ ಹೆಮ್ಮೆ. ಆದರೆ ಎದುರಿಗಿರೋ ಚಿತ್ರವನ್ನು ಇವರೂ ನೋಡಿಲ್ಲ. ತಾವು ತೆಗೀಬಹುದಾಗಿದ್ದ ಬೇರೊಂದು ಚಿತ್ರವನ್ನು ಮನಸ್ಸಲ್ಲೇ ನೋಡ್ತಿದ್ದಾರೆ.

ಹಾಗಾದರೆ ನೋಡಿ ಹೇಳೋದು ಹೇಗೆ? ಅದೇ ಬೆಳ್ಳಕ್ಕಿ ತಗೊಳ್ಳಿ. ಮೊದಲು ಕಂಡದ್ದನ್ನು ಹೇಳಬೇಕು: "ಕಣ್ಣು ಶಾರ್ಪ್ ಆಗಿದೆ, ನೀರಲ್ಲಿ ಪ್ರತಿಬಿಂಬ ಪೂರ್ತಿ ಬಂದಿದೆ. ಗರಿಗಳು ಮಾತ್ರ ಸುಣ್ಣ ಬಳಿದ ಹಾಗೆ ಒಂದಾಗಿಬಿಟ್ಟಿವೆ." ಆಮೇಲೆ ಕಾರಣ: ಹಿನ್ನೆಲೆ ಕಪ್ಪಗಿದ್ದಾಗ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸೋಕೆ ಹೋಗಿ ಬಿಳಿ ಹಕ್ಕಿಯ ಮೇಲೆ ಬೆಳಕು ಹೆಚ್ಚಾಗಿಬಿಡುತ್ತೆ. ಕೊನೆಗೆ ಮುಂದಿನ ಸಲಕ್ಕೆ ಒಂದು ಕೆಲಸ: "ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ ನೋಡಿ." ರೆಕ್ಕೆಯ ತುದಿ ಮಸುಕಾಗಿದ್ದರೆ ತೀರ್ಪು ಕೊಡೋ ಮುಂಚೆ ಕೇಳಬೇಕು: "ಇದು ಬೇಕಂತಲೇ ಮಾಡಿದ್ದಾ?" ಹಾರಾಟ ಕಾಣಲಿ ಅಂತ ಶಟರ್ ನಿಧಾನ ಮಾಡಿದ್ದರೆ ಅದು ಅವರ ಆಯ್ಕೆ. ಅಲ್ಲ ಅಂದರೆ ಶಟರ್ ಸ್ಪೀಡನ್ನು 1/2000ಕ್ಕೆ ಏರಿಸಿ ಅನ್ನಬಹುದು. ಒಂದು ಚಿತ್ರಕ್ಕೆ ಒಂದು ಸಲಹೆ ಸಾಕು. ಹತ್ತು ತಪ್ಪು ಎಣಿಸಿದರೆ ನೆನಪುಳಿಯೋದು ಅವಮಾನ ಒಂದೇ.

ಹಕ್ಕಿ ಛಾಯಾಗ್ರಹಣದಲ್ಲಿ ಬೆಂಗಳೂರಿನ ದೊಡ್ಡ ಹೆಸರು ಟಿ.ಎನ್.ಎ. ಪೆರುಮಾಳ್. ಅವರೂ ಓ.ಸಿ. ಎಡ್ವರ್ಡ್ಸ್ ಅವರ ಹತ್ತಿರ ಕಲಿತವರೇ. ಆಗ ಒಂದು ರೀಲಿಗೆ 36 ಫ್ರೇಮು. ತೊಳೆಸಿ, ಪ್ರಿಂಟ್ ಹಾಕಿಸಿ ನೋಡೋ ಹೊತ್ತಿಗೆ ಜೇಬು ಖಾಲಿ. ಬಲ್ಲವರ ಒಂದು ಮಾತು ಮುಂದಿನ ರೀಲನ್ನು ಉಳಿಸುತ್ತಿತ್ತು. ಈಗ ಸಾವಿರ ಕ್ಲಿಕ್ಕಿಗೂ ಖರ್ಚಿಲ್ಲ, ಹೊಗಳಿಕೆಗೂ ಖರ್ಚಿಲ್ಲ. ಐದು ವರ್ಷ ಕ್ಯಾಮೆರಾ ಹೊತ್ತರೂ ಅದೇ ಸುಣ್ಣದ ರೆಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ, ಅದರಲ್ಲಿ "ಸೂಪರ್" ಅಂದವರ ಪಾಲೂ ಇದೆ.

ಕೇಳೋರಿಗೂ ಒಂದು ಧರ್ಮ ಇದೆ. "ನಾಲ್ಕು ಗಂಟೆಗೇ ಎದ್ದು ಹೊರಟಿದ್ದೆ", "ದೋಣಿ ಅಲ್ಲಾಡ್ತಿತ್ತು". ನಿಜವೇ ಇರಬಹುದು, ಆದರೆ ನಿದ್ದೆಗೆಟ್ಟದ್ದು ಚಿತ್ರದಲ್ಲಿ ಕಾಣಲ್ಲ. ನಿಮಗೆ ಆ ಫೋಟೋ ಜೊತೆಗೆ ಬೆಳಗಿನ ಚಳಿ, ಹಕ್ಕಿಗಳ ಗದ್ದಲ ಎಲ್ಲ ನೆನಪಾಗುತ್ತೆ. ನೋಡೋರಿಗೆ ಸಿಗೋದು ಚೌಕಟ್ಟಿನೊಳಗೆ ಇರೋದಷ್ಟೇ. ಆ ನೆನಪಿಲ್ಲದ ಕಣ್ಣು ಬೇರೆಯವರಿಂದಲೇ ಸಿಗಬೇಕು. ಸಮಜಾಯಿಷಿ ಕೊಡದೆ ಪೂರ್ತಿ ಕೇಳಿಸಿಕೊಳ್ಳಿ. ಒಪ್ಪಲೇಬೇಕು ಅಂತೇನಿಲ್ಲ.

ಇದಿಷ್ಟೂ ಇಬ್ಬರ ನಡುವಿನ ವ್ಯವಹಾರ. ಕೆಲವು ಚಿತ್ರಗಳಲ್ಲಿ ಮೂರನೆಯವರೂ ಇರ್ತಾರೆ. ಗೂಡಿನ ತೀರಾ ಹತ್ತಿರ ಹೋಗಿ, ಅಡ್ಡ ಬಂದ ಕೊಂಬೆ ಸರಿಸಿ ತೆಗೆದ ಮರಿಗಳ ಫೋಟೋ ಎಷ್ಟೇ ಮುದ್ದಾಗಿದ್ದರೂ, ಆ ಕೊಂಬೆ ಮರಿಗಳಿಗೆ ನೆರಳಾಗಿತ್ತು, ಕಾಗೆಗಳ ಕಣ್ಣಿಗೆ ಮರೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದನ್ನೂ ಬೇಟೆ ಅನ್ನೋ ಪದದ ಅರ್ಥದೊಳಗೇ ಸೇರಿಸಿದೆ. ಅಂಥ ಫೋಟೋಗೆ ನಾವು "ವಾವ್" ಅಂದರೆ ಮುಂದಿನ ಭಾನುವಾರ ಇನ್ನೂ ನಾಲ್ಕು ಜನ ಆ ಪೊದೆ ಹುಡುಕಿಕೊಂಡು ಹೋಗ್ತಾರೆ. ನಮ್ಮ ದಾಕ್ಷಿಣ್ಯಕ್ಕೆ ಬೆಲೆ ತೆರೋದು ಹಕ್ಕಿ. ಇಲ್ಲಿ ಫೋಕಸ್ಸು, ಬಣ್ಣ ಎಲ್ಲ ಆಮೇಲೆ. ಮೊದಲು ಕೇಳಬೇಕಾದ್ದು, "ಎಷ್ಟು ಹತ್ತಿರ ಹೋಗಿದ್ರಿ?" ಕೇಳೋಕೆ ಮುಜುಗರ ಆಗುತ್ತೆ. ಎದುರಿಗಿರೋರ ಮುಖ ಸಪ್ಪಗಾಗಬಹುದು. ಆದರೂ ಕೇಳಬೇಕು.

ಯಥಾರ್ಥವಾದಿ ಲೋಕವಿರೋಧಿ ಅಂತಾರೆ. ನಿಜ ಹೇಳಿದ್ದಕ್ಕಿಂತ ಅವಸರದಲ್ಲಿ ಹೇಳಿದ್ದಕ್ಕೇ ಹೆಚ್ಚು ಜನ ವಿರೋಧಿಗಳಾಗೋದು ಅನ್ನಿಸುತ್ತೆ. ತನ್ನ ಚಿತ್ರವನ್ನು ಒಬ್ಬರು ಕೂತು ನೋಡಿದ್ದಾರೆ ಅಂತ ಗೊತ್ತಾದರೆ ಕಹಿ ಮಾತೂ ಗಂಟಲಲ್ಲಿ ಇಳಿಯುತ್ತೆ. ಈಗ ಪುರುಸೊತ್ತಿಲ್ವಾ? "ಕಳಿಸಿರಿ, ಸಂಜೆ ನೋಡಿ ಹೇಳ್ತೀನಿ" ಅನ್ನಿ. ಹೇಳಿದ ಮೇಲೆ ಸಂಜೆ ನೋಡಿ.