ಕಂಡವನ ಹೊಣೆ

ಗಂಡಸಿಯ ಹ್ಯಾಂಡ್‌ಪೋಸ್ಟಿನಲ್ಲಿ ಅರಸೀಕೆರೆಯಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯೂ ತಿಪಟೂರಿನಿಂದ ಹಾಸನಕ್ಕೆ ಹೋಗುವ ದಾರಿಯೂ ಸಂಧಿಸುವುವು. ಚಿತ್ತಾ ಮಳೆಯ ಒಂದು ಸಂಜೆ ಅಲ್ಲಿಯ ಅಂಗಡಿಯ ಸೂರಿನಡಿಯಲ್ಲಿ ಬಸ್ಸಿಗಾಗಿ ಕಾದು ನಿಂತಿರುವ ಒಬ್ಬ ಗೃಹಸ್ಥನನ್ನು ವಾಚಕರು ಊಹಿಸಿಕೊಳ್ಳಬಹುದು. ಹತ್ತು ಮಾರು ದೂರದ ತೆಂಗಿನ ಮರವೂ ಮಸಕಾಗಿ ತೋರುವಂಥ ಮಳೆ. ಅಷ್ಟರಲ್ಲಿ ವಾಹನವೊಂದು ದೀಪವನ್ನೂ ಹೊತ್ತಿಸದೆ, ಮುಂದಿನ ಲಾರಿಯನ್ನು ಹಿಂದೆ ಹಾಕುವ ಆತುರದಲ್ಲಿ ರಸ್ತೆಯ ಬಲಮಗ್ಗುಲಿಗೆ ನುಗ್ಗಿ, ಎದುರು ಬರುತ್ತಿದ್ದ ಸೈಕಲ್ಲಿನವನಿಗೆ ಗೇಣಿನಷ್ಟರಲ್ಲಿ ತಪ್ಪಿ, ಮಳೆಯಲ್ಲಿ ಮರೆಯಾಗುವುದು. ಸೈಕಲ್ಲಿನವನು ಚರಂಡಿಯ ಅಂಚಿನಲ್ಲಿ ಕಾಲೂರಿ ನಿಂತು, ನಾಲ್ಕು ಮಾತು ಬೈದು, ಮತ್ತೆ ತುಳಿಯತೊಡಗುವನು. “ಎಲ್ಲೋ ಹೋಗಿ ಗುದ್ದಿಕೊಳ್ತಾನೆ, ಬಿಡಿ” ಎಂದು ಸೂರಿನಡಿಯವರು ಕಾಫಿಯ ಲೋಟಕ್ಕೆ ಕೈ ನೀಡುವರು. ಹೀಗೆ ಕಣ್ಣಾರೆ ಕಂಡ ಮಾತ್ರದಿಂದ ಆ ಗೃಹಸ್ಥನಿಗೆ ಏನಾದರೂ ಕರ್ತವ್ಯವು ಪ್ರಾಪ್ತವಾಯಿತೇ ಎಂಬುದು ಪ್ರಶ್ನೆ.

ಏನೂ ಆಗಲಿಲ್ಲವಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುವುದು. ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವುದರೊಳಗಾಗಿ ಆ 17 ಮೀಟರ್ ಕಳೆದುಹೋಗಿರುವುದು. ಧೂಳೂ ಎಣ್ಣೆಯ ಜಿಡ್ಡೂ ಕಲಸಿದ ಒದ್ದೆ ಡಾಂಬರಿನ ಮೇಲೆ ಚಕ್ರವು ಆಮೇಲೆಯೂ ಜಾರುವುದು. ಸೈಕಲ್ಲಿನವನು ಉಳಿದುದಕ್ಕೆ ಅವನ ಆಯುಷ್ಯವು ಗಟ್ಟಿಯಾಗಿದ್ದುದೇ ಕಾರಣವಲ್ಲದೆ ಚಾಲಕನ ವಿವೇಕವಲ್ಲ. ಸೂರಿನಡಿಯವರು ಹೇಳಿದ ಆ “ಎಲ್ಲೋ” ಎಂಬುದು ದುದ್ದದ ಬಳಿಯಾಗಬಹುದು, ಅಲ್ಲಿ ಶಾಲೆಯಿಂದ ಮನೆಗೆ ಹೊರಟ ಹುಡುಗಿಯೊಬ್ಬಳಿರಬಹುದು.

ಸಾಕ್ಷಿಯೆಂಬ ಶಬ್ದವು ನಮ್ಮಲ್ಲಿ ಎರಡು ಕಡೆ ಬಳಕೆಯಾಗಿರುವುದು. ವೇದಾಂತದ ಸಾಕ್ಷಿಯು ಕೇವಲ ದ್ರಷ್ಟೃವು. ಅವನಿಗೆ ನೋಡುವುದಲ್ಲದೆ ಬೇರೆ ವ್ಯಾಪಾರವಿಲ್ಲ. ವ್ಯವಹಾರದ ಸಾಕ್ಷಿಯಾದರೋ, ಪಾಣಿನಿಯು ಆ ಶಬ್ದವನ್ನು ಸಾಧಿಸುವಂತೆ, ನೇರಾಗಿ ಕಂಡವನು. ಕಂಡದ್ದನ್ನು ಹೇಳಬೇಕಾದವನೂ ಅವನೇ. ಸೂರಿನಡಿಯಲ್ಲಿ ನಿಂತ ಸಂಸಾರಿಗಳು ಈ ಒಂದು ಗಳಿಗೆಯ ಮಟ್ಟಿಗೆ ಮಾತ್ರ ಮೊದಲನೆಯ ಸಾಕ್ಷಿಯ ಔದಾಸೀನ್ಯವನ್ನು ಎರವಲು ತಂದುಕೊಳ್ಳುವರು. ತಮ್ಮ ಗದ್ದೆಯ ಬದುವನ್ನು ಪಕ್ಕದವನು ಒಂದು ಗೇಣು ಒತ್ತಿದರೆ ಈ ವೇದಾಂತವು ನೆನಪಿಗೆ ಬಾರದು.

ವಾಹನದ ಹೊರಗಿರುವವನ ಮಾತು ಹಾಗಿರಲಿ. ಒಳಗೆ ಕುಳಿತವನ ಗತಿಯೇನು? ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿ ಹೊಡೆಯುವವನ ಅಪರಾಧಗಳನ್ನು ಕುರಿತ ಪ್ರಕರಣವೊಂದಿದೆ. ಸಾಕ್ಷಿಪ್ರಕರಣದಷ್ಟು ಇದು ಪ್ರಸಿದ್ಧವಲ್ಲ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, “ಸರಿ, ಸರಿ” ಎಂದು ಕೂಗಿಯೂ ಎದುರಿನವನು ಸರಿಯದಿದ್ದರೆ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಹೊಡೆಯುವವನು ನುರಿತವನಾಗಿದ್ದೂ ತಪ್ಪಿದರೆ ದಂಡವು ಅವನದು. ಅವನು ನುರಿಯದವನಾದರೆ ಬಂಡಿಯಲ್ಲಿ ಕುಳಿತವರೆಲ್ಲರೂ ತಲೆಗೆ ನೂರರಂತೆ ದಂಡ ತೆರತಕ್ಕವರು! ಇದೇನು ಅನ್ಯಾಯವೆಂದು ಮೊದಲು ತೋರುವುದು. ಲಗಾಮು ಹಿಡಿದವನೊಬ್ಬ, ತೆರುವವರು ಹಲವರೇ? ಅಂಥವನ ಬಂಡಿಯನ್ನು ಏರಿದುದೇ ಅವರ ದೋಷವೆಂಬುದು ವ್ಯಾಖ್ಯಾನಕಾರರ ಅಭಿಪ್ರಾಯ. ಏರಿದ ಮೇಲೆ ಅವನ ಕೈವಾಡವನ್ನು ಗಳಿಗೆ ಗಳಿಗೆಗೂ ಕಾಣುತ್ತಿದ್ದವರೂ ಅವರೇ ಅಲ್ಲವೇ? ಸ್ಮೃತಿಯ ಎಲ್ಲ ವಿಧಿಗಳೂ ಇಂದಿಗೆ ಸಲ್ಲತಕ್ಕವಲ್ಲ, ಸಲ್ಲಲೂ ಬಾರದು. ಆದರೆ ಕುಳಿತು ಸುಮ್ಮನಿರುವುದೂ ಒಂದು ಕೃತಿಯೆಂಬ ಈ ಸೂಕ್ಷ್ಮವು ಹಳತಾಗಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಕೇವಲ ನೆಪವಲ್ಲ. ಕಂಡವನು ಕಂಡದ್ದು ಎರಡು ನಿಮಿಷದ ಮಾತು. ಆ ವಾಹನದಲ್ಲಿ ಹೆರಿಗೆಯ ನೋವಿನ ಹೆಂಗಸಿದ್ದಿರಬಹುದು, ಬ್ರೇಕೇ ಕೆಟ್ಟಿರಬಹುದು. ಮನುವು ಹತ್ತು ವಿನಾಯಿತಿಗಳನ್ನು ಎಣಿಸಿದ್ದು ಇದಕ್ಕಾಗಿಯೇ. ಆದರೆ ಅಪರಾಧವನ್ನು ನಿರ್ಣಯಿಸುವುದು ಸಾಕ್ಷಿಯ ಕೆಲಸವಲ್ಲ. ಇಂಥ ವಾಹನ, ಇಂಥ ಸಂಖ್ಯೆ, ಇಂಥ ದಿಕ್ಕಿಗೆ, ಹೀಗೆ ಹೋಯಿತು ಎಂದಷ್ಟೇ ತಿಳಿಸಿದರೆ ಅವನು ಯಾರ ಮೇಲೂ ಮಿಥ್ಯಾರೋಪವನ್ನು ಹೊರಿಸಿದಂತಾಗದು. ಬ್ರೇಕು ಕೆಟ್ಟಿದ್ದ ಪಕ್ಷದಲ್ಲಂತೂ ತಿಳಿಸುವುದು ಆ ಚಾಲಕನಿಗೇ ಉಪಕಾರ.

1988ರ ಮೋಟಾರು ವಾಹನ ಕಾಯಿದೆಯ 184ನೆಯ ಪ್ರಕರಣವು ಅಪಾಯಕರವಾದ ಚಾಲನೆಯನ್ನು ವೇಗದ ಅಂಕಿಯೊಂದರಿಂದಲೇ ಅಳೆಯದೆ ಸಂದರ್ಭಗಳೆಲ್ಲವನ್ನೂ ನೋಡಿ ಅಳೆಯುವುದು. ಒಣ ರಸ್ತೆಯಲ್ಲಿ ನಿರ್ದೋಷವಾದ ವೇಗವು ಮಳೆಯಲ್ಲಿ ಅಪರಾಧವಾಗಬಹುದು. ಅಪಘಾತವಾಗಲೇಬೇಕೆಂದೂ ಅದು ಕೇಳುವುದಿಲ್ಲ. ಜನರು ಬಾಯಿ ಬಿಡದಿರುವುದಕ್ಕೆ ಮುಖ್ಯ ಕಾರಣವು ಠಾಣೆಗೂ ಕೋರ್ಟಿಗೂ ಅಲೆಯಬೇಕಾದೀತೆಂಬ ಭಯ. 2016ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ, 2019ರ ತಿದ್ದುಪಡಿಯಿಂದ ಕಾಯಿದೆಯೂ, ಗಾಯಾಳುವಿಗೆ ನೆರವಾದವನನ್ನು ಈ ಕಾಟದಿಂದ ಬಿಡಿಸಿದುವು. ಆದರೆ ಆ ಅಭಯವು ಅಪಘಾತವಾದ ಮೇಲಿನ ನೆರವಿಗೆ ಸಂಬಂಧಿಸಿದುದು. ಅಪಘಾತವಾಗದಂತೆ ಮೊದಲೇ ಎಚ್ಚರಿಸಬಯಸುವವನಿಗೆ 112ರ ದೂರವಾಣಿಯೂ ಅವನ ಮನಸ್ಸಾಕ್ಷಿಯೂ ಇರುವುವು.

2022ರ ಅಕ್ಟೋಬರ್ 15ರ ರಾತ್ರಿ ಇದೇ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ, ಕ್ಷೇತ್ರದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ಒಂದು ಹಾಲಿನ ಟ್ಯಾಂಕರಿಗೂ ಬಸ್ಸಿಗೂ ನಡುವೆ ಸಿಕ್ಕಿ ಒಂಬತ್ತು ಮಂದಿ ಮಡಿದರು. ಅವರಲ್ಲಿ ಮಕ್ಕಳೂ ಇದ್ದರು. ಅಲ್ಲಿ ತಪ್ಪು ಯಾರದೆಂಬುದು ಇಲ್ಲಿಯ ವಿಚಾರವಲ್ಲ. ತಾಯಿಯ ತೊಡೆಯ ಮೇಲೆ ಮಲಗಿ ಪಯಣಿಸುವ ಮಗುವಿಗೆ ತಲೆಗೆ ನೂರರ ದಂಡವನ್ನು ಯಾವ ಸ್ಮೃತಿಯೂ ವಿಧಿಸಲಾರದು. ಅದರ ಪಾಲಿನ ಮಾತನ್ನೂ ಎಚ್ಚರವಾಗಿರುವವರೇ ಆಡಬೇಕಾಗುವುದು.

ಬಸ್ಸುಗಳಲ್ಲಿ ಇಂಥ ಮಾತನ್ನಾಡುವವರು ಹೆಚ್ಚಾಗಿ ಹಳ್ಳಿಯ ಮುದುಕಿಯರು. ಓದು ಬಲ್ಲವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಮುಂದಿನ ಆಸನದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿರುವರು. “ಏನಪ್ಪಾ, ಮಕ್ಕಳು ಮರಿ ಅವೆ, ಮಳೆ ಬೇರೆ ಬತ್ತಾ ಐತೆ, ಒಸಿ ನಿಧಾನಕ್ಕೆ ಹೋಗಪ್ಪಾ” ಎಂದು ಮುದುಕಿಯು ಕೂಗಿ ಹೇಳುವಳು. “ಸುಮ್ಕೆ ಕೂತ್ಕೊ ಅಜ್ಜಿ” ಎಂದು ಕಂಡಕ್ಟರು ಗದರುವನು, ಹಿಂದಿನವರು ನಗುವರು. ಚಾಲಕನು ಕನ್ನಡಿಯಲ್ಲಿ ಒಮ್ಮೆ ಅವಳನ್ನು ನೋಡಿ ಏನೋ ಗೊಣಗಿಕೊಳ್ಳುವನು. ಮುಂದಿನ ತಿರುವು ಬರುವ ವೇಳೆಗೆ ಬಸ್ಸಿನ ಸದ್ದು ಸ್ವಲ್ಪ ತಗ್ಗಿರುವುದು.