ರುಚಿ ಉಡುಗಿದವನ ನಿತ್ಯಕರ್ಮ

ಮಿದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟು ಗಾತ್ರದಲ್ಲಿ ಕುಳಿತಿರುವ ಪಿಟ್ಯುಟರಿ ಗ್ರಂಥಿಯು ಅಪ್ಪಣೆ ಕೊಡುತ್ತದೆ; ವೃಷಣದ ಲೈಡಿಗ್ ಕೋಶಗಳು ಆ ಅಪ್ಪಣೆಯನ್ನು ಶಿರಸಾವಹಿಸಿ ಟೆಸ್ಟೋಸ್ಟೀರಾನ್ ಎಂಬ ದ್ರವ್ಯವನ್ನು ದಿನಕ್ಕೆ ಕೆಲವೇ ಮಿಲಿಗ್ರಾಮಿನಷ್ಟು ರಕ್ತಕ್ಕೆ ಬಿಡುತ್ತವೆ. ಇಷ್ಟು ಸ್ವಲ್ಪವಾದ ವಸ್ತುವಿನ ಆಶ್ರಯದಲ್ಲಿ ಗಂಡಸಿನ ಮೂಳೆಯ ಗಟ್ಟಿತನ, ಮಾಂಸಖಂಡದ ಕಸುವು, ರಕ್ತದ ಸಮೃದ್ಧಿ, ಬೆಳಗ್ಗೆ ಎದ್ದೊಡನೆ ಏನನ್ನಾದರೂ ಮಾಡಬೇಕೆನ್ನಿಸುವ ಉತ್ಸಾಹ, ದಾಂಪತ್ಯಸುಖದ ಅಪೇಕ್ಷೆ ಇವೆಲ್ಲವೂ ಬಹುಮಟ್ಟಿಗೆ ನಿಂತಿರುವುವೆಂಬುದನ್ನು ನೆನೆದರೆ, 'ನಾನು' ಎಂದು ನಾವು ಅಷ್ಟು ದರ್ಪದಿಂದ ಹೇಳಿಕೊಳ್ಳುವುದರಲ್ಲಿ ನಮ್ಮದೆಷ್ಟು, ಗ್ರಂಥಿಗಳದೆಷ್ಟು ಎಂಬ ಸಂದೇಹ ಯಾವ ವಿಚಾರವಂತನಿಗಾದರೂ ಉದಿಸದೆ ಇರದು. ಆರೋಗ್ಯವಂತನಿಗೆ ಇದು ವಿನೋದದ ಸಂದೇಹ. ಆ ದ್ರವ್ಯ ಬತ್ತಿದವನಿಗೆ, ಅದರಲ್ಲಿಯೂ ಅದನ್ನು ಹೊರಗಿನಿಂದ ತುಂಬಿಸಹೋಗಿ ದೇಹವೇ ಒಲ್ಲೆನೆಂದವನಿಗೆ, ಇದು ಬದುಕಿನ ಪ್ರಶ್ನೆ.

ಹೊರಗಿನಿಂದ ತುಂಬಿಸುವ ಆಸೆ ಹಳೆಯದು. 1849ರಲ್ಲಿ ಗಾಟಿಂಗೆನ್ನಿನ ಬರ್ತೋಲ್ಡ್ ಎಂಬ ಪಂಡಿತನು, ವೃಷಣ ತೆಗೆದ ಹುಂಜಗಳ ಹೊಟ್ಟೆಯೊಳಗೆ ಅದನ್ನು ಮತ್ತೆ ನೆಟ್ಟು, ಅವುಗಳ ಜುಟ್ಟು ಕೆಂಪೇರಿ ಕೂಗು ಉಳಿದುದನ್ನು ಕಂಡನು. 1889ರಲ್ಲಿ 72 ವರ್ಷದ ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ನಾಯಿ ಮತ್ತು ಗಿನಿಯಿಲಿಗಳ ವೃಷಣರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಸಾರಿದನು. ಆ ರಸದಲ್ಲಿ ಹಾರ್ಮೋನು ಇದ್ದುದು ಹೆಸರಿಗೆ ಮಾತ್ರ, ಮರಳಿದ್ದು ಮುದುಕನ ನಂಬಿಕೆಯೇ ಹೊರತು ಯೌವನವಲ್ಲ. 1935ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ಹೋರಿಯ ವೃಷಣದಿಂದ ಶುದ್ಧ ದ್ರವ್ಯವನ್ನು ಬೇರ್ಪಡಿಸಿದರು. ಅದೇ ವರ್ಷ ಬೂಟೆನಾಂಟ್ ಮತ್ತು ರುಜಿಚ್ಕಾ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು. ಅಲ್ಲಿಂದೀಚೆಗೆ ಸೂಜಿಮದ್ದೂ, ಚರ್ಮಕ್ಕೆ ಬಳಿಯುವ ಜೆಲ್ಲೂ ಬಂದಿವೆ. ಲಕ್ಷಾಂತರ ಜನ ಅವುಗಳಿಂದ ನಿಜವಾದ ಉಪಕಾರವನ್ನೇ ಪಡೆದಿದ್ದಾರೆ.

ಆದರೆ ಈ ಮದ್ದು ಎಲ್ಲರಿಗೂ ಒಗ್ಗದು. ಕೆಲವರಿಗೆ ರಕ್ತ ಗಟ್ಟಿಯಾಗುತ್ತದೆ. ಹೆಮಟೋಕ್ರಿಟ್ ಎಂಬ ಅಳತೆ ಶೇಕಡ 54ನ್ನು ಮೀರಿದರೆ ಮದ್ದನ್ನು ನಿಲ್ಲಿಸಬೇಕೆಂಬುದು ವೈದ್ಯರ ಕಟ್ಟಳೆ. ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿಯುಳ್ಳವರಿಗೆ ಅದು ಉಲ್ಬಣಿಸಬಹುದು. ಎರಡು ಮೂರು ವಾರಕ್ಕೊಮ್ಮೆ ಚುಚ್ಚುವ ಮದ್ದಿನಲ್ಲಿ ಮೊದಲ ದಿನಗಳ ಉಬ್ಬರ, ಕಡೆಯ ದಿನಗಳ ಇಳಿತ. ಆ ಏರಿಳಿತದೊಡನೆ ಮನಸ್ಸೂ ಸಿಡುಕಿಗೇರಿ ಮಂಕಿಗಿಳಿಯುತ್ತದೆ. ಜೆಲ್ ಬಳಿದುಕೊಂಡವನು ಮಗುವನ್ನು ಎತ್ತಿಕೊಳ್ಳಲು ಹಿಂಜರಿಯಬೇಕು, ಏಕೆಂದರೆ ಅದು ಚರ್ಮದಿಂದ ಚರ್ಮಕ್ಕೆ ಅಂಟುತ್ತದೆ. ಸಂತಾನವನ್ನು ಬಯಸುವವನಿಗೆ ಈ ಚಿಕಿತ್ಸೆಯೇ ಶತ್ರು. ಹೊರಗಿನಿಂದ ಹಾರ್ಮೋನು ಬಂದಿತೆಂದು ತಿಳಿದ ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುವುದರಿಂದ ವೀರ್ಯಾಣುಗಳ ಉತ್ಪತ್ತಿಯೂ ಬಹುಮಟ್ಟಿಗೆ ನಿಲ್ಲುತ್ತದೆ. ಮದ್ದಿನ ಪ್ರಮಾಣವನ್ನು ತಗ್ಗಿಸಿ, ಅದರ ರೂಪವನ್ನು ಬದಲಾಯಿಸಿ, ಮೈಯ ಕೊಬ್ಬನ್ನಿಳಿಸಿ, ನಿದ್ರೆಯನ್ನು ಸರಿಪಡಿಸಿ ನೋಡುವುದುಂಟು. ಅದರಿಂದ ಗೆಲುವು ಕಂಡವರೂ ಉಂಟು. ಇಷ್ಟೆಲ್ಲ ಆದಮೇಲೆಯೂ ಒಗ್ಗದವನೊಬ್ಬನು ಉಳಿಯುತ್ತಾನೆ. ಈ ಪ್ರಬಂಧ ಅವನನ್ನು ಕುರಿತದ್ದು.

ಅವನಿಗೆ ಸಮಾಧಾನ ಹೇಳುವವರಿಗೆ ಬರವಿಲ್ಲ. ಪ್ಲೇಟೋವಿನ 'ರಿಪಬ್ಲಿಕ್' ಗ್ರಂಥದ ಆರಂಭದಲ್ಲಿ ವೃದ್ಧ ಕೆಫಾಲಸನು ನಾಟಕಕವಿ ಸಾಫೊಕ್ಲೀಸನ ಪ್ರಸಂಗವೊಂದನ್ನು ನೆನೆಯುತ್ತಾನೆ: ಕಾಮದ ಶಕ್ತಿ ಇನ್ನೂ ಇದೆಯೇ ಎಂದು ಕೇಳಿದವನಿಗೆ ಆ ಕವಿ, ಹುಚ್ಚು ಒಡೆಯನೊಬ್ಬನ ಕೈಯಿಂದ ಪಾರಾದಂತಾಯಿತೆಂಬ ಅರ್ಥ ಬರುವಂತೆ ಉತ್ತರಿಸಿದನಂತೆ. ನಮ್ಮವರಾದರೋ ಯಯಾತಿಯನ್ನು ತೆಗೆಯುತ್ತಾರೆ. ಶುಕ್ರಾಚಾರ್ಯನ ಶಾಪದಿಂದ ಮುಪ್ಪಾದ ಆ ದೊರೆ ಮಗ ಪೂರುವಿನ ಯೌವನವನ್ನು ಎರವಲು ಪಡೆದು, ಸಹಸ್ರ ವರ್ಷ ಭೋಗಿಸಿಯೂ ತಣಿಯದೆ ಅದನ್ನು ಹಿಂದಿರುಗಿಸಿದನಲ್ಲವೆ, ಹಾಗಿರುವಾಗ ನಿನಗೇಕೆ ಈ ಚಿಂತೆ ಎನ್ನುತ್ತಾರೆ. ಈ ಎರಡು ಸಮಾಧಾನಗಳೂ ರೋಗಿಯ ಬಳಿ ಆಡತಕ್ಕವಲ್ಲವೆಂದು ನಮ್ಮ ಅಭಿಪ್ರಾಯ. ಸಾಫೊಕ್ಲೀಸನು ತುಂಬುಜೀವನ ನಡೆಸಿ ಮುದುಕನಾದವನು. ಯಯಾತಿ ಎರವಲು ಯೌವನವನ್ನು ಸಹಸ್ರ ವರ್ಷ ಜೀರ್ಣಿಸಿಕೊಂಡವನು. ಊಟ ಮುಗಿಸಿ ಕೈತೊಳೆದವನ ವೈರಾಗ್ಯವನ್ನು, ನಲವತ್ತರ ಪ್ರಾಯದಲ್ಲಿ ಎಲೆಯ ಮುಂದಿನಿಂದ ಎಬ್ಬಿಸಲ್ಪಟ್ಟವನಿಗೆ ಬೋಧಿಸುವುದು ಕರುಣೆಯಲ್ಲ.

ಅದಕ್ಕಿಂತ ಗಹನವಾದ ಪ್ರಶ್ನೆಯೊಂದು ಇಲ್ಲಿದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ, ಆಹಾರವನ್ನು ತೊರೆದವನಿಂದ ವಿಷಯಗಳು ದೂರ ಸರಿಯುತ್ತವೆ, ಆದರೆ ಅವುಗಳ ಮೇಲಣ ರಸ ಒಳಗೆ ಉಳಿದುಕೊಳ್ಳುತ್ತದೆ, ಪರತತ್ತ್ವದ ದರ್ಶನವಾದಾಗ ಮಾತ್ರ ಆ ರಸವೂ ಅಡಗುತ್ತದೆ ಎಂಬ ವಿಚಾರ ಬಂದಿದೆ. ತಪಸ್ವಿಗಳ ಪಾಡು ಅದು. ನಮ್ಮ ರೋಗಿಯ ಪಾಡು ಅದಕ್ಕೆ ತೀರ ತಲೆಕೆಳಗು. ವಿಷಯಗಳೆಲ್ಲವೂ ಅವನ ಮುಂದೆಯೇ ಇವೆ. ಹೆಂಡತಿ ಇದ್ದಾಳೆ, ಉದ್ಯೋಗವಿದೆ, ಮೊನ್ನೆಮೊನ್ನೆಯವರೆಗೂ ಪ್ರಿಯವಾಗಿದ್ದ ಸಂಗೀತವಿದೆ. ಹೋಗಿರುವುದು ರಸ. ಪರದರ್ಶನವಿಲ್ಲದೆಯೇ, ಸಾಧನೆಯಿಲ್ಲದೆಯೇ, ಬೇಡವೆಂದು ಒಮ್ಮೆಯೂ ಸಂಕಲ್ಪಿಸದೆಯೇ ರಸವುಡುಗಿದ ಈ ಸ್ಥಿತಿಯನ್ನು ವೈರಾಗ್ಯವೆನ್ನಬಹುದೆ? ಎನ್ನಲಾಗದು. ವೈರಾಗ್ಯವು ಬುದ್ಧಿಯ ನಿರ್ಣಯ. ಇದು ರಕ್ತದ ಬಡತನ. ಇದನ್ನು ಆಧ್ಯಾತ್ಮಿಕ ಪ್ರಗತಿಯೆಂದು ಭ್ರಮಿಸಿದವನು, ಮೂಳೆ ಸವೆಯುತ್ತಿರುವುದನ್ನೂ ಮನಸ್ಸು ಖಿನ್ನತೆಗೆ ಜಾರುತ್ತಿರುವುದನ್ನೂ ವೈದ್ಯನಿಗೆ ಹೇಳದೆ ಕೆಡುತ್ತಾನೆ.

ಇನ್ನೊಂದು ಭ್ರಮೆ ಇದಕ್ಕಿಂತ ಕೀಳಾದುದು. ತಾರುಣ್ಯದಲ್ಲಿ ವೀರ್ಯವನ್ನು ವ್ಯರ್ಥಮಾಡಿದ ಪಾಪದ ಫಲವೇ ಈ ದೌರ್ಬಲ್ಯವೆಂಬುದು. ರಕ್ತದ ನಲವತ್ತು ಹನಿಯಿಂದ ಶುಕ್ರದ ಒಂದು ಹನಿ ಎಂಬ ಲೆಕ್ಕಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಈ ನಂಬಿಕೆಯೇ ಬೆಳೆದು ವ್ಯಾಧಿಯಾಗುವುದನ್ನು ಕಂಡು ಮನೋವೈದ್ಯ ನರೇಂದ್ರ ವಿಗ್ ಅವರು 1960ರಲ್ಲಿ ಅದಕ್ಕೆ ಧಾತು ಸಿಂಡ್ರೋಮ್ ಎಂದು ಹೆಸರಿಟ್ಟರು. ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗ, ನರದೌರ್ಬಲ್ಯ ಎಂದು ಬರೆಸುವವರ ಜೀವನೋಪಾಯ ನಡೆಯುವುದು ಈ ಪಾಪಭೀತಿಯಿಂದಲೇ. ಅವರು ಮಾರುವ ಲೇಹ್ಯಗಳಂಥವುಗಳಲ್ಲಿ ಇಂಗ್ಲಿಷ್ ಮಾತ್ರೆಯ ಪುಡಿ ಬೆರೆತಿರುವುದು ಪರೀಕ್ಷೆಯಲ್ಲಿ ಹಲವು ಬಾರಿ ಹೊರಬಿದ್ದಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾಜೀಕರಣಕ್ಕೆ, ಎಂದರೆ ಕಾಮಶಕ್ತಿಯನ್ನು ಹೆಚ್ಚಿಸುವ ಚಿಕಿತ್ಸೆಗೆ, ಎರಡನೆಯ ಅಧ್ಯಾಯವೇ ಮೀಸಲಾಗಿರುವುದು ನಿಜ. ಅದರ ಹಿಂದಿನ ಅಧ್ಯಾಯದಲ್ಲಿ, ಸತ್ಯ, ಅಕ್ರೋಧ, ಹಿತಮಿತವಾದ ನಿದ್ರೆ ಮತ್ತು ಎಚ್ಚರ ಇವುಗಳನ್ನೇ ಆಚಾರರಸಾಯನವೆಂದು ಹೇಳಿರುವುದೂ ನಿಜ. ಗೋಡೆಬರಹದವರು ವಾಜೀಕರಣದ ಅಧ್ಯಾಯವನ್ನು ಮಾತ್ರ ಓದಿದಂತಿದೆ.

ಹಾಗಾದರೆ ಪಾಪವೂ ಅಲ್ಲದ, ವೈರಾಗ್ಯವೂ ಅಲ್ಲದ, ಔಷಧಕ್ಕೂ ಬಗ್ಗದ ಈ ರಸವುಡುಗಿದ ಸ್ಥಿತಿಯಲ್ಲಿ ಮನುಷ್ಯನು ಯಾವುದರ ಮೇಲೆ ನಿಂತು ಬದುಕಬೇಕು? ನಮಗೆ ಉತ್ತರದ ಸುಳಿವು ದೊರೆತದ್ದು ವೇದಾಂತದಲ್ಲಿ ಅಲ್ಲ. ವೇದದ ಕರ್ಮಭಾಗವನ್ನು ವಿಚಾರಿಸುವ, ಶುಷ್ಕವೆಂದು ಅನೇಕರು ಮೂಗುಮುರಿಯುವ ಪೂರ್ವಮೀಮಾಂಸೆಯಲ್ಲಿ.

ಮೀಮಾಂಸಕರು ಕರ್ಮವನ್ನು ಕಾಮ್ಯವೆಂದೂ ನಿತ್ಯವೆಂದೂ ವಿಂಗಡಿಸಿದರು. ಮಳೆ ಬೇಕೆಂಬವನು ಕಾರೀರೀ ಇಷ್ಟಿಯನ್ನು ಮಾಡುತ್ತಾನೆ, ಮಗ ಬೇಕೆಂಬವನು ಪುತ್ರಕಾಮೇಷ್ಟಿಯನ್ನು ಮಾಡುತ್ತಾನೆ. ಬಯಕೆಯಿಲ್ಲದವನಿಗೆ ಆ ಕರ್ಮಗಳಲ್ಲಿ ಅಧಿಕಾರವೇ ಇಲ್ಲ. ಸಂಜೆ ಮುಂಜಾನೆಗಳ ಅಗ್ನಿಹೋತ್ರ ಹಾಗಲ್ಲ. ಜೀವವಿರುವವರೆಗೂ ಅದನ್ನು ಮಾಡಬೇಕು. ಬಯಸಿದವನು ಮಾಡಬೇಕೆಂದಲ್ಲ, ಬದುಕಿರುವವನು ಮಾಡಬೇಕೆಂದು. ಮೀಮಾಂಸಾಸೂತ್ರಕಾರನಾದ ಜೈಮಿನಿಯು ಆರನೆಯ ಅಧ್ಯಾಯದಲ್ಲಿ ಅಧಿಕಾರವನ್ನು ವಿಚಾರಮಾಡುತ್ತ ಇದಕ್ಕಿಂತಲೂ ಹೃದ್ಯವಾದ ಭೇದವೊಂದನ್ನು ತೋರಿಸುತ್ತಾನೆ. ಕಾಮ್ಯದಲ್ಲಿ ಒಂದು ಅಂಗ ಲೋಪವಾದರೂ ಫಲ ತಪ್ಪುವುದಾದ್ದರಿಂದ ಸರ್ವಾಂಗಗಳನ್ನೂ ನೆರವೇರಿಸಬಲ್ಲವನೇ ಅದಕ್ಕೆ ಕೈಹಾಕಬೇಕು. ನಿತ್ಯದಲ್ಲಾದರೋ, ಎಲ್ಲ ಅಂಗಗಳನ್ನೂ ನೆರವೇರಿಸಲಾರದವನು ತನ್ನಿಂದಾದಷ್ಟನ್ನು ಮಾಡಿದರೂ ಕರ್ಮ ಸಂಪನ್ನವಾಗುತ್ತದೆ. ಪಾಪ ತಟ್ಟದಿರುವುದೇ ನಿತ್ಯದ ಪ್ರಯೋಜನವೆಂದು ಮೀಮಾಂಸಕರಲ್ಲಿ ಭಾಟ್ಟರೆಂಬ ಪಂಗಡದವರು ಹೇಳಿದರು. ಪ್ರಯೋಜನವೇಕೆ, ವಿಧಿಯೊಂದೇ ಸಾಲದೆ ಎಂದರು ಇನ್ನೊಂದು ಪಂಗಡದವರಾದ ಪ್ರಾಭಾಕರರು. ಬೇರೆ ಕಡೆ ಹೇಗೋ ಕಾಣೆವು, ಈ ವಿಷಯದಲ್ಲಿ ನಮ್ಮ ಮನಸ್ಸು ಪ್ರಾಭಾಕರರ ಕಡೆಗೆ ವಾಲುತ್ತದೆ.

ಹಾರ್ಮೋನು ತುಂಬಿರುವಾಗ ನಮ್ಮ ದಿನಚರಿಯ ಬಹುಭಾಗ ಕಾಮ್ಯವೇ ಆಗಿರುತ್ತದೆ. ಗೆಲ್ಲಬೇಕೆಂದು ದುಡಿಯುತ್ತೇವೆ, ಮೆಚ್ಚಿಸಬೇಕೆಂದು ಉಡುತ್ತೇವೆ, ಬಯಸಿ ಹೆಂಡತಿಯ ಬಳಿಗೆ ಹೋಗುತ್ತೇವೆ. ಇಂಧನ ತೀರಿದೊಡನೆ ಇವೆಲ್ಲ ನಿಂತು, ಬದುಕೇ ನಿಂತಿತೆನ್ನಿಸುವುದು ಸಹಜ. ಆದರೆ ಅದೇ ಮನೆಯಲ್ಲಿ ಬಯಕೆಯನ್ನು ಎಂದೂ ಕೇಳದ ಕೆಲಸಗಳು ಮೊದಲಿನಿಂದಲೂ ಇದ್ದುವು: ಮುದಿ ತಾಯಿಗೆ ಹೊತ್ತಿಗೆ ಮಾತ್ರೆ ಕೊಡುವುದು, ಮಗಳ ಲೆಕ್ಕ ತಿದ್ದುವುದು, ಹೆಂಡತಿಗೆ ಜ್ವರ ಬಂದಾಗ ರಾತ್ರಿ ಎದ್ದು ಕುಳಿತಿರುವುದು. ಹುರುಪು ಬಂದಮೇಲೆ ಏಳುತ್ತೇನೆಂದು ಕಾದವನು ಮಲಗಿಯೇ ಇರುತ್ತಾನೆ. ಏಳುವ ಹೊತ್ತಾಯಿತೆಂದು ಎದ್ದವನಿಗೆ ಹುರುಪು ಬಂದರೂ ಸೈ, ಬಾರದಿದ್ದರೂ ಸೈ. ಮೂಳೆಯ ರಕ್ಷಣೆಗಾಗಿ ವೈದ್ಯರು ಹೇಳುವ ಭಾರವೆತ್ತುವ ವ್ಯಾಯಾಮವನ್ನೂ, ಆಗಾಗ ಮಾಡಿಸಬೇಕಾದ ಮೂಳೆಸಾಂದ್ರತೆಯ ಪರೀಕ್ಷೆಯನ್ನೂ ಈ ಗಣಕ್ಕೇ ಸೇರಿಸಬೇಕು. ಯಥಾಶಕ್ತಿ ಎಂಬ ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹಿಡಿಯಬೇಕೆಂಬುದು ಮುಖ್ಯ. ಆಯಾಸ ನಿಜವಾದದ್ದು, ಸೋಮಾರಿತನವಲ್ಲ, ಮತ್ತು ಅರ್ಧ ಮಾಡಿದ ದಿನವೂ ಮಾಡಿದ ದಿನವೇ.

ಪೌರುಷ ಹೋಯಿತೆಂಬ ಕೊರಗು ಇದರಿಂದಲೂ ತೀರದೆ ಉಳಿದೀತು. ಕುರುಕ್ಷೇತ್ರದಲ್ಲಿ ಬಿಲ್ಲು ಕೆಳಗಿಟ್ಟ ಅರ್ಜುನನಿಗೆ ಕೃಷ್ಣನು ಮೊಟ್ಟಮೊದಲು ಆಡಿದ ಬಿರುನುಡಿಗಳಲ್ಲಿ, ಷಂಡತನಕ್ಕೆ ಒಳಗಾಗಬೇಡವೆಂಬುದೂ ಒಂದು. ಆದರೆ ಆ ನುಡಿಯನ್ನು ಕೇಳಿಸಿಕೊಂಡ ಕಿವಿ ಯಾರದು? ಊರ್ವಶಿಯ ಶಾಪದಿಂದ ವಿರಾಟನ ಅಂತಃಪುರದಲ್ಲಿ ಬೃಹನ್ನಳೆಯಾಗಿ, ಜಡೆ ಹೆಣೆದು ಬಳೆ ತೊಟ್ಟು, ರಾಜಕುಮಾರಿಗೆ ನಾಟ್ಯ ಕಲಿಸುತ್ತ ಒಂದು ವರ್ಷವನ್ನು ಅದಾಗತಾನೆ ಕಳೆದುಬಂದವನದು. ಆ ವರ್ಷ ಅವನು ತನಗೊದಗಿದ ಕೆಲಸವನ್ನು ಕೊರಗದೆ ಮಾಡಿದನು. ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಜಡೆ ಹಾರಾಡುತ್ತಿರಲು ಅಟ್ಟಿ ಹಿಡಿದಾಗ ಕೌರವಸೇನೆಯಲ್ಲಿ ಕೆಲವರು ನಕ್ಕರೆಂದು ವ್ಯಾಸರು ಮರೆಯದೆ ಹೇಳಿದ್ದಾರೆ. ನಕ್ಕವರೆದುರಿಗೆ ಅವನು ಹೆದರಲಿಲ್ಲ. ಮೈ ನಡುಗಿದ್ದು ತರುವಾಯ, ಪೂರ್ಣಗಂಡಸಾಗಿ ಗಾಂಡೀವ ಹಿಡಿದು ನಿಂತಾಗ. ಕೃಷ್ಣನು ಬೈದದ್ದು ದೇಹದ ಸ್ಥಿತಿಯನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅರ್ಜುನನ ಶಾಪಕ್ಕೆ ಒಂದು ವರ್ಷದ ಅವಧಿಯಿತ್ತು, ನಮ್ಮ ರೋಗಿಗಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪ. ನಿತ್ಯಕ್ಕೂ ಯಾವಜ್ಜೀವವೇ ಅವಧಿ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿಲ್ಲ.

ಜೈಮಿನಿಯ ಅದೇ ಅಧಿಕಾರಾಧ್ಯಾಯದಲ್ಲಿ ಇನ್ನೊಂದು ನಿರ್ಣಯವಿದೆ. ಯಜ್ಞದಲ್ಲಿ ಅಧಿಕಾರ ಗಂಡನೊಬ್ಬನದಲ್ಲ, ಹೆಂಡತಿಯೊಬ್ಬಳದಲ್ಲ. ದಂಪತಿಗಳಿಬ್ಬರೂ ಕೂಡಿದಾಗಲೇ ಕರ್ಮ. ನಮ್ಮ ಮನೆಗಳಲ್ಲಿ ಈ ವ್ಯಾಧಿ ಬಂದವನು ಅದನ್ನು ಮೊದಲು ಮರೆಮಾಚುವುದು ಹೆಂಡತಿಯಿಂದಲೇ. ಅವಳಾದರೋ ಕಾರಣವನ್ನರಿಯದೆ, ತನ್ನ ರೂಪ ಮಾಸಿತೋ, ಗಂಡನ ಮನಸ್ಸು ಬೇರೆ ಕಡೆ ಹೋಯಿತೋ ಎಂದು ಒಳಗೊಳಗೇ ಬೇಯುತ್ತಾಳೆ. ಪ್ರಯೋಗಶಾಲೆಯ ಚೀಟಿಯನ್ನು ಅವಳ ಕೈಗೆ ಕೊಟ್ಟು, ಇದು ರಕ್ತದ ಲೆಕ್ಕ, ನಿನ್ನ ಲೆಕ್ಕವಲ್ಲ ಎಂದು ಬಾಯಿಬಿಟ್ಟು ಹೇಳುವುದೂ, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅವಳನ್ನು ಜೊತೆಗೆ ಕರೆದೊಯ್ಯುವುದೂ ಅವನ ನಿತ್ಯದಲ್ಲಿ ಮೊದಲು ಬರತಕ್ಕವು. ಅವಳಿಗೂ ಅಲ್ಲಿ ಕೇಳಬೇಕಾದ ಪ್ರಶ್ನೆಗಳಿದ್ದಾವು.