ಮೊದಲ ಸುತ್ತು ತಿರುಗಿಸಿದವರು

ಹೈದರಾಬಾದಿನ ಅಬಿಡ್ಸ್‌ಗೆ ಹೆಸರು ಬಂದದ್ದು ಒಬ್ಬ ಪರಿಚಾರಕನಿಂದ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಖಾಸಾ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಇಲ್ಲೊಂದು ಅಂಗಡಿ ಇಟ್ಟಿದ್ದ. ಅಂಗಡಿ ಎಂದೋ ಮುಚ್ಚಿತು, ಅರಸೊತ್ತಿಗೆಯೂ ಹೋಯಿತು. ಜಿಪಿಒ ಸುತ್ತಲಿನ ಈ ಗಿಜಿಗುಡುವ ಪೇಟೆಯನ್ನು ಮಾತ್ರ ಜನ ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. 1869ರಿಂದ 1911ರವರೆಗೆ ಗಾದಿಯ ಮೇಲಿದ್ದ ಮಹಬೂಬರ ಬಟ್ಟೆಬರೆಯ ಬೀರುಗಳ ಸಾಲು ಪುರಾನಿ ಹವೇಲಿಯಲ್ಲಿ ಈಗಲೂ ಇದೆ. ಅದರ ಉದ್ದ ಕಂಡವರು ಅರಸರ ವೈಭವಕ್ಕೆ ತಲೆದೂಗುತ್ತಾರೆ. ನನಗೆ ಮಾತ್ರ ಬೆಳಗಾದರೆ ಆ ಬಾಗಿಲುಗಳಲ್ಲಿ ಒಂದನ್ನು ತೆರೆಯುತ್ತಿದ್ದ ಕೈ ನೆನಪಾಗುತ್ತದೆ. ರಾಜ್ಯದ ದಿನ ಶುರುವಾಗಬೇಕಾದರೆ ರಾಜನ ದಿನ ಶುರುವಾಗಬೇಕಿತ್ತು. ರಾಜನ ದಿನವನ್ನು ಬೇರೆ ಯಾರೋ ಶುರು ಮಾಡಿಕೊಡಬೇಕಿತ್ತು.

ಭಾನುವಾರ ಇಲ್ಲಿನ ಅಂಗಡಿಗಳ ಶಟರ್ ಇಳಿದಿರುವಾಗ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಉರ್ದು ಕಾದಂಬರಿಯ ಪಕ್ಕದಲ್ಲಿ ಎಂಜಿನಿಯರಿಂಗ್ ಪಠ್ಯ, ಅದರ ಮೇಲೆ ಯಾರದೋ ವೈದ್ಯಕೀಯ ಟಿಪ್ಪಣಿ. ವಿಮಾನದ ಎಂಜಿನ್ ಕುರಿತ ಪುಸ್ತಕ ಕೈಗೆ ಸಿಕ್ಕಾಗ ಅದರಲ್ಲೊಂದು ಪಂಕ್ತಿಭೇದ ಕಾಣುತ್ತದೆ. ರೆಕ್ಕೆಗೋ ಬಾಲದ ಪಕ್ಕಕ್ಕೋ ಕೂತ ದೊಡ್ಡ ಎಂಜಿನ್ನುಗಳಿಗೆ ಅಧ್ಯಾಯದ ಮೇಲೆ ಅಧ್ಯಾಯ. ಬಾಲದ ತುದಿಯೊಳಗೆ ಅಡಗಿದ ಪುಟ್ಟ ಎಂಜಿನ್ನಿಗೆ ಕೊನೆಯಲ್ಲಿ ಒಂದೆರಡು ಪುಟ. ಆಕ್ಸಿಲಿಯರಿ ಪವರ್ ಯೂನಿಟ್ ಎಂದು ಅದರ ಪೂರ್ತಿ ಹೆಸರು. ಹ್ಯಾಂಗರಿನವರ ಬಾಯಲ್ಲಿ ಬರೀ ಎಪಿಯು. ಅದು ವಿಮಾನವನ್ನು ಒಂದು ಅಂಗುಲವೂ ಮುಂದಕ್ಕೆ ತಳ್ಳುವುದಿಲ್ಲ. ಆದರೆ ಅದು ತಿರುಗದಿದ್ದರೆ, ಅದರ ಕೆಲಸವನ್ನು ಬೇರೆ ಯಾರೂ ಮಾಡಿಕೊಡದಿದ್ದರೆ, ಆ ದೊಡ್ಡವು ಅಲುಗುವುದೂ ಇಲ್ಲ.

ಅಬಿಡ್ಸ್‌ನಿಂದ ಬೇಗಂಪೇಟೆ ದೂರವೇನಲ್ಲ. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ಶಂಶಾಬಾದಿಗೆ ಹೋದ ಮೇಲೆ ಬೇಗಂಪೇಟೆಯ ಹಳೆಯ ನಿಲ್ದಾಣ ವಾಯುಪಡೆಗೆ, ಗಣ್ಯರ ವಿಮಾನಗಳಿಗೆ, ಉದ್ಯಮಿಗಳ ಬಿಸಿನೆಸ್ ಜೆಟ್ಟುಗಳಿಗೆ ಉಳಿದುಕೊಂಡಿದೆ. ಅಲ್ಲಿ ನಡೆಯುವ ವಿಂಗ್ಸ್ ಇಂಡಿಯಾ ಪ್ರದರ್ಶನದಂಥ ಕಡೆ ಈ ಜೆಟ್ಟುಗಳನ್ನು ಹತ್ತಿರದಿಂದ ನೋಡಬಹುದು. ಹೊರಡಲಿರುವ ಜೆಟ್ಟಿನ ಮುಂದೆ ನಿಂತರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಎರಡು ದೊಡ್ಡ ಎಂಜಿನ್ನುಗಳ ಫ್ಯಾನ್ ಅಲ್ಲಾಡುತ್ತಿಲ್ಲ, ಆದರೂ ಬಾಲದ ಕಡೆಯಿಂದ ಕಿವಿಗಡಚಿಕ್ಕುವ ಸಿಳ್ಳೆ ಬರುತ್ತಿದೆ. ಒಳಗೆ ದೀಪ ಉರಿಯುತ್ತಿದೆ, ಕಾಕ್‌ಪಿಟ್‌ನ ಪರದೆಗಳು ಬೆಳಗಿವೆ, ಹೊರಗೆ ಡಾಂಬರು ಕುದಿಯುವ ಬಿಸಿಲಿದ್ದರೂ ಕ್ಯಾಬಿನ್ ತಂಪಾಗಿದೆ.

ಇದಕ್ಕೆಲ್ಲ ಮೂಲ, ಜೆಟ್ ಎಂಜಿನ್ನಿನ ಹುಟ್ಟುಗುಣದಲ್ಲೇ ಇರುವ ಒಂದು ಅಸಹಾಯಕತೆ. ಮುಂದಿನ ಕಂಪ್ರೆಸರ್ ಗಾಳಿಯನ್ನು ಒತ್ತಿ ಒಳಕ್ಕೆ ಕಳಿಸಬೇಕು. ನಡುವೆ ಇಂಧನ ಉರಿಯಬೇಕು. ಉಬ್ಬಿದ ಬಿಸಿ ಅನಿಲ ಹಿಂದಿನ ಟರ್ಬೈನನ್ನು ತಿರುಗಿಸಬೇಕು. ಟರ್ಬೈನು ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರನ್ನು ತಿರುಗಿಸಬೇಕು. ಕಂಪ್ರೆಸರ್ ತಿರುಗದೆ ಟರ್ಬೈನಿಗೆ ಬಲವಿಲ್ಲ, ಟರ್ಬೈನ್ ತಿರುಗದೆ ಕಂಪ್ರೆಸರಿಗೆ ಗತಿಯಿಲ್ಲ. ನಿಂತ ಎಂಜಿನ್ನಿಗೆ ಇಂಧನ ಸುರಿದು ಕಿಡಿ ಹೊತ್ತಿಸಿದರೆ ಬೆಂಕಿ ಏಳುತ್ತದೆಯೇ ಹೊರತು ಓಟ ಏಳುವುದಿಲ್ಲ. ಟರ್ಬೈನು ದುಡಿದದ್ದರಲ್ಲಿ ಅರ್ಧಕ್ಕೂ ಹೆಚ್ಚು ಕಂಪ್ರೆಸರಿನ ಹೊಟ್ಟೆಗೇ ಹೋಗುವುದು ಸಾಮಾನ್ಯ. ಅದಕ್ಕೇ ಶುರುವಿನ ಪ್ರಯೋಗಗಳಲ್ಲಿ ಇಂಥ ಯಂತ್ರಗಳು ತಮ್ಮನ್ನು ತಾವೇ ಸಾಕಿಕೊಳ್ಳಲಾರದೆ ಸೋಲುತ್ತಿದ್ದವು. 1903ರಲ್ಲಿ ನಾರ್ವೆಯ ಏಗಿಡಿಯಸ್ ಎಲ್ಲಿಂಗ್ ಕಟ್ಟಿದ ಟರ್ಬೈನು ತನ್ನ ಹೊಟ್ಟೆ ಹೊರೆದು ಹೊರಗಿನ ಕೆಲಸಕ್ಕೆ 11 ಅಶ್ವಶಕ್ತಿ ಉಳಿಸಿದಾಗ ಅದು ದೊಡ್ಡ ಗೆಲುವೆನಿಸಿತು. ಹಾಗೆ ಉಳಿಸುವುದನ್ನು ಕಲಿತ ಮೇಲೂ ಮೊದಲ ಸುತ್ತನ್ನು ತಾನೇ ಸುತ್ತಿಕೊಳ್ಳುವುದನ್ನು ಜೆಟ್ ಎಂಜಿನ್ ಕಲಿಯಲಿಲ್ಲ.

ಗಲ್ಫ್‌ಸ್ಟ್ರೀಮ್ ಜಿ550ಯಂಥ ಜೆಟ್ಟಿನಲ್ಲಿ ಆ ಮೊದಲ ಸುತ್ತು ಹೀಗೆ ಬರುತ್ತದೆ. ಪೈಲಟ್ ಬ್ಯಾಟರಿ ಹಾಕುತ್ತಾನೆ, ಎಪಿಯು ಸ್ವಿಚ್ ಒತ್ತುತ್ತಾನೆ. ಎಪಿಯುವಿಗೆ ಗಾಳಿ ಬರುವ ಪುಟ್ಟ ಬಾಗಿಲು ತೆರೆದುಕೊಳ್ಳುತ್ತದೆ. ಬ್ಯಾಟರಿಯ ಕರೆಂಟಿನಿಂದ ಸ್ಟಾರ್ಟರ್ ಮೋಟಾರು ಆ ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ. ವೇಗ ಒಂದಿಷ್ಟು ಏರಿದ ಕೂಡಲೇ ಕಂಪ್ಯೂಟರು ಇಂಧನ ಬಿಡುತ್ತದೆ, ಕಿಡಿ ಹಾರಿಸುತ್ತದೆ. ಉಷ್ಣಾಂಶದ ಮುಳ್ಳು ಜಿಗಿಯುತ್ತದೆ. ಅರ್ಧ ವೇಗ ದಾಟುವ ಹೊತ್ತಿಗೆ ಸ್ಟಾರ್ಟರಿನ ಹಂಗು ಮುಗಿಯುತ್ತದೆ. ಅಲ್ಲಿಂದಾಚೆ ಎಪಿಯು ತನ್ನ ಕಾಲ ಮೇಲೆ ತಾನು ನಿಂತು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತಿನ ವೇಗಕ್ಕೆ ಏರುತ್ತದೆ. ಈಗ ಅದು ಕೊಡುವ ಸ್ಥಿತಿಗೆ ಬಂದಿದೆ. ಒಂದು ಕೈಯಲ್ಲಿ ಜನರೇಟರ್ ತಿರುಗಿಸಿ ಕರೆಂಟು ಕೊಡುತ್ತದೆ, ಇನ್ನೊಂದು ಕೈಯಲ್ಲಿ ಒತ್ತಡದ ಬಿಸಿ ಗಾಳಿ ಕೊಡುತ್ತದೆ. ಬ್ಲೀಡ್ ಏರ್ ಎನ್ನುವ ಈ ಗಾಳಿ ಕೊಳವೆಯಲ್ಲಿ ಸಾಗಿ ಮುಖ್ಯ ಎಂಜಿನ್ನಿನ ಸ್ಟಾರ್ಟರಿನೊಳಗಿರುವ ಮತ್ತೊಂದು ಕಿರು ಟರ್ಬೈನಿಗೆ ಬಡಿಯುತ್ತದೆ. ತಲಾ ಸುಮಾರು 15,000 ಪೌಂಡ್ ನೂಕುಬಲದ ರೋಲ್ಸ್-ರಾಯ್ಸ್ ಎಂಜಿನ್ ಆ ಗಾಳಿಯ ಪೆಟ್ಟಿಗೆ ಮೆಲ್ಲಗೆ ಮೈಮುರಿದು ಏಳುತ್ತದೆ. ಒಂದು ಎದ್ದ ಮೇಲೆ ಇನ್ನೊಂದು. ಎರಡೂ ಎದ್ದ ಮೇಲೆ ಎಪಿಯುವಿನ ಸ್ವಿಚ್ ಆರಿಸುತ್ತಾರೆ.

ಹಳೆಯ ಕಾಲದಲ್ಲಿ ಈ ಕ್ರಮ ಇನ್ನೂ ಬೆತ್ತಲಾಗಿ ಕಾಣುತ್ತಿತ್ತು. ಎರಡನೇ ಮಹಾಯುದ್ಧದ ಜರ್ಮನ್ ಜೆಟ್ ವಿಮಾನ ಎಂಇ 262ರ ಎಂಜಿನ್ನಿನ ಮೂಗಿನಲ್ಲಿ ನಾರ್ಬರ್ಟ್ ರೀಡೆಲ್ ವಿನ್ಯಾಸ ಮಾಡಿದ ಪುಟ್ಟ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇತ್ತು. ಅದನ್ನು ಬೇಕೆಂದರೆ ಹಿಡಿಕೆ ಹಿಡಿದು ಕೈಯಿಂದಲೇ ಎಳೆದು ಚಾಲೂ ಮಾಡಬಹುದಿತ್ತು. ಜಗತ್ತಿನ ಅತಿ ನವೀನ ಯಂತ್ರದ ತುದಿಯಲ್ಲಿ ಒಬ್ಬ ಮನುಷ್ಯನ ರಟ್ಟೆ! ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುತ್ತಿದ್ದ ಅಮೆರಿಕದ ಎಸ್‌ಆರ್-71ಕ್ಕೆ ಜೀವ ಕೊಡಲು ಎರಡು ಬ್ಯೂಯಿಕ್ ಕಾರ್ ಎಂಜಿನ್ನುಗಳನ್ನು ಹೊತ್ತ ಗಾಡಿಯನ್ನು ಹೊಟ್ಟೆಯಡಿಗೆ ತಳ್ಳಿಕೊಂಡು ಬರುತ್ತಿದ್ದರು. ನಮ್ಮ ತೇಜಸ್ ಯುದ್ಧವಿಮಾನಕ್ಕೂ ಹೀಗೊಂದು ಚಾಲಕ ಟರ್ಬೈನು ಬೇಕಾಯಿತು. ಜಿಟಿಎಸ್‌ಯು-110 ಎಂಬ ಅದನ್ನು ಬೆಂಗಳೂರಿನ ಎಚ್‌ಎಎಲ್‌ನ ಏರೋ ಎಂಜಿನ್ ಸಂಶೋಧನಾ ಮತ್ತು ವಿನ್ಯಾಸ ಕೇಂದ್ರ ರೂಪಿಸಿತು. ತೇಜಸ್ ಆಕಾಶ ಸೀಳುವ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ನೆಲದ ಮೇಲೆ ಅದನ್ನು ಎಬ್ಬಿಸಿದ ಟರ್ಬೈನಿನ ಫೋಟೊ ನೋಡಿದವರು ಎಷ್ಟು ಜನ?

ದೊಡ್ಡದನ್ನು ಸಣ್ಣದು ಎಬ್ಬಿಸಿತು, ಸಣ್ಣದನ್ನು ಬ್ಯಾಟರಿ ಎಬ್ಬಿಸಿತು. ಬ್ಯಾಟರಿಯನ್ನು? ಅದನ್ನು ತುಂಬಿದ್ದು ನಿನ್ನೆಯ ಹಾರಾಟ. ನಿನ್ನೆ ದೊಡ್ಡ ಎಂಜಿನ್ನುಗಳು ತಿರುಗುವಾಗ ಅವುಗಳ ಜನರೇಟರು ತೆಗೆದಿಟ್ಟ ಒಂದಿಷ್ಟು ಕರೆಂಟು ಇವತ್ತಿನ ಬೆಳಿಗ್ಗೆಗೆ ಬಂಡವಾಳ. ಅಡುಗೆಮನೆಯಲ್ಲಿ ನಿನ್ನೆಯ ಮೊಸರನ್ನು ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ. ಎಷ್ಟೇ ಒಳ್ಳೆಯ ಹಾಲಾದರೂ ಹೆಪ್ಪಿಲ್ಲದೆ ಮೊಸರಾಗದು. ಹೆಪ್ಪು ಬಂದದ್ದು ಮೊಸರಿನಿಂದಲೇ. ಮೊದಲ ಮೊಸರು ಯಾವುದೆಂದು ಕೇಳಿದರೆ ಅಜ್ಜಿಯರು ನಕ್ಕುಬಿಡುತ್ತಿದ್ದರು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಎಪಿಯು ಬಂದದ್ದು ಹಂಗು ತಪ್ಪಿಸಲಿಕ್ಕೆ. ಮೊದಮೊದಲ ಜೆಟ್ ವಿಮಾನಗಳು ಇಳಿದ ಕಡೆಯೆಲ್ಲ ನೆಲದ ಮೇಲೆ ಕರೆಂಟಿನ ಗಾಡಿ, ಗಾಳಿಯ ಗಾಡಿ ಕಾದಿರಬೇಕಿತ್ತು. ಸಣ್ಣ ಊರಿನ ನಿಲ್ದಾಣದಲ್ಲಿ ಅವು ಇಲ್ಲದಿದ್ದರೆ ವಿಮಾನ ಅಲ್ಲೇ ಠಿಕಾಣಿ. ಪ್ರಯಾಣಿಕರ ಜೆಟ್ಟುಗಳಲ್ಲಿ ಮೊಟ್ಟಮೊದಲು ಗ್ಯಾಸ್ ಟರ್ಬೈನ್ ಎಪಿಯು ಹೊತ್ತು ಹಾರಿದ್ದು ಬೋಯಿಂಗ್ 727, 1963ರಲ್ಲಿ. ಬಿಸಿನೆಸ್ ಜೆಟ್ಟಿನ ಮಾಲೀಕನಿಗಂತೂ ಈ ಸ್ವಾತಂತ್ರ್ಯವೇ ಮುಖ್ಯ. ವೇಳಾಪಟ್ಟಿ ತನ್ನದು, ದಾರಿ ತನ್ನದು, ಯಾವ ಊರಿನ ಯಾವ ಗಾಡಿಗೂ ಕಾಯಬೇಕಿಲ್ಲ. ಆದರೆ ಆ ಸ್ವಾತಂತ್ರ್ಯವನ್ನು ಬಿಚ್ಚಿ ನೋಡಿದರೆ ಒಳಗಿರುವುದೇನು? ಇನ್ನೊಂದನ್ನು ಎಬ್ಬಿಸಲೆಂದೇ ಇರುವ ಯಂತ್ರ, ಅದನ್ನು ಎಬ್ಬಿಸಲೆಂದೇ ಇರುವ ಬ್ಯಾಟರಿ, ಬ್ಯಾಟರಿಯೊಳಗೆ ಹಿಂದಿನ ದಿನದ ಸಾಲ. ಸ್ವಾವಲಂಬಿ ಎನಿಸಿಕೊಂಡವನು ಸಾಲ ಕೊಡುವವನನ್ನು ಜೊತೆಯಲ್ಲೇ ಕರೆದುಕೊಂಡು ಹೊರಟಿರುತ್ತಾನೆ, ಅಷ್ಟೇ.

ಈ ಪುಟ್ಟ ಯಂತ್ರದ ಸ್ವಭಾವವೂ ಬೆರಗು ಹುಟ್ಟಿಸುವಂಥದು. ದೊಡ್ಡ ಎಂಜಿನ್ನಿಗೆ ಏರಿಳಿತವುಂಟು. ಟೇಕಾಫಿನಲ್ಲಿ ಗರ್ಜನೆ, ಇಳಿಯುವಾಗ ಪಿಸುಮಾತು. ಎಪಿಯುವಿಗೆ ಒಂದೇ ವೇಗ. ಕೇಳುವವರು ಹೆಚ್ಚಾದರೆ ಹೆಚ್ಚು ಇಂಧನ ಕುಡಿಯುತ್ತದೆ, ಕಡಿಮೆಯಾದರೆ ಕಡಿಮೆ. ತಿರುಗುವ ವೇಗ ಮಾತ್ರ ಅಷ್ಟೇ. ಅದು ತಪ್ಪಿದರೆ ಕರೆಂಟಿನ ಆವರ್ತನವೇ ತಪ್ಪುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ವಿಮಾನದ್ದು 400. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು, ಮೋಟಾರು ಹಗುರಾಗುತ್ತವೆ, ಆಕಾಶದಲ್ಲಿ ಪ್ರತಿ ಕಿಲೋಗೂ ಬೆಲೆಯಿದೆ. ಇನ್ನು ಆ ತಂಪು. ಎಪಿಯು ಕೊಡುವ ಗಾಳಿ ನೀರಿನ ಕುದಿಬಿಂದುವನ್ನೂ ಮೀರಿ ಬಿಸಿಯಾಗಿರುತ್ತದೆ. ಅದನ್ನು ಹೊರಗಾಳಿಯಿಂದ ಒಂದಿಷ್ಟು ಆರಿಸಿ, ಮತ್ತೆ ಒತ್ತಿ, ಮತ್ತೆ ಆರಿಸಿ, ಕೊನೆಗೆ ಒಂದು ಕಿರು ಟರ್ಬೈನಿನ ಮೂಲಕ ಹರಿಯಬಿಡುತ್ತಾರೆ. ಟರ್ಬೈನನ್ನು ತಿರುಗಿಸುವ ಕೆಲಸ ಮಾಡಿದ ಗಾಳಿ ತನ್ನ ಶಾಖವನ್ನು ಅಲ್ಲೇ ಕೊಟ್ಟು ತಣ್ಣಗಾಗಿ ಹೊರಬರುತ್ತದೆ. ಬೆಂಕಿಯಿಂದ ಹುಟ್ಟಿದ ಗಾಳಿ ದುಡಿದು ದಣಿದೇ ತಂಪಾಗುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಚರ್ಮದ ಸೋಫಾದ ಮೇಲೆ ಕೂತವರ ಮುಖಕ್ಕೆ ಬೀಸುವುದು ಅದೇ.

ಮುಖ್ಯ ಎಂಜಿನ್ನುಗಳು ಎದ್ದ ಮೇಲೆ ಎಪಿಯುವನ್ನು ಯಾರೂ ನೆನೆಯುವುದಿಲ್ಲ. ನೆನೆಯಬೇಕಾಗಿ ಬಂದರೆ ಅದು ಒಳ್ಳೆಯ ಗಳಿಗೆಯಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಏರಿದ ಯುಎಸ್ ಏರ್‌ವೇಸ್‌ನ ಏರ್‌ಬಸ್ ಎ320ಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಸೋತವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಕೆಲವೇ ಸೆಕೆಂಡುಗಳಲ್ಲಿ ಮಾಡಿದ ಕೆಲಸಗಳಲ್ಲಿ ಒಂದು ಎಪಿಯು ಚಾಲೂ ಮಾಡಿದ್ದು. ತುರ್ತಿನ ಕ್ರಮಗಳ ಪಟ್ಟಿಯಲ್ಲಿ ಅದು ಬಹಳ ಕೆಳಗಿತ್ತು, ಅಲ್ಲಿಯವರೆಗೆ ಓದುವಷ್ಟು ಹೊತ್ತು ಅವರಿಗಿರಲಿಲ್ಲ. ಕರೆಂಟು ಉಳಿಯಿತು, ವಿಮಾನವನ್ನು ಸಂಭಾಳಿಸುವ ಕಂಪ್ಯೂಟರುಗಳು ಪೂರ್ತಿ ಎಚ್ಚರವಾಗಿದ್ದವು, ಹಡ್ಸನ್ ನದಿಯ ಮೇಲೆ ಇಳಿದ 155 ಜನರೂ ಬದುಕಿದರು. ಅವರನ್ನು ಉಳಿಸಿದ್ದು ಪೈಲಟ್ಟರ ಕೌಶಲ. ಆ ಕೌಶಲದ ಮಾತನ್ನು ವಿಮಾನ ಕೇಳುವಂತೆ ನೋಡಿಕೊಂಡದ್ದರಲ್ಲಿ ಬಾಲದ ಆ ಪುಟ್ಟ ಟರ್ಬೈನಿಗೂ ಪಾಲಿದೆ.

ಮೊದಲ ಸುತ್ತಿನ ಈ ಪ್ರಶ್ನೆ ವಿಮಾನಕ್ಕೆ ಮುಗಿಯುವುದೂ ಇಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯದ ಜಾಲಗಳೂ ಜೊತೆಗೆ ಮಲಗಿ ಅರವತ್ತು ಕೋಟಿ ಜನ ಕತ್ತಲಲ್ಲಿ ಮುಳುಗಿದರು. ದಕ್ಷಿಣದ ಜಾಲ ಆಗ ಬೇರೆಯಾಗಿಯೇ ಇದ್ದುದರಿಂದ ಹೈದರಾಬಾದೂ ಬೆಂಗಳೂರೂ ಪಾರಾದವು. ಅದು ರಾಷ್ಟ್ರದ ಜಾಲದೊಂದಿಗೆ ಒಂದಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಆರಿಹೋದ ಜಾಲವನ್ನು ಎಬ್ಬಿಸುವುದು ಹೇಗೆ? ಕಲ್ಲಿದ್ದಲಿನ ದೊಡ್ಡ ಸ್ಥಾವರ ಚಾಲೂ ಆಗಬೇಕಾದರೆ ಅದರ ಪಂಪು, ಫ್ಯಾನುಗಳಿಗೆ ಮೊದಲು ಕರೆಂಟು ಬೇಕು. ಕರೆಂಟು ಬೇಕಾದರೆ ಸ್ಥಾವರ ಚಾಲೂ ಆಗಬೇಕು. ಜೆಟ್ ಎಂಜಿನ್ನಿನ ತೊಡಕೇ ಇಲ್ಲಿಯೂ. ಆಗ ಜಲವಿದ್ಯುತ್ ಕೇಂದ್ರಗಳತ್ತ ನೋಡುತ್ತಾರೆ. ಅಲ್ಲಿ ಒಂದು ಸಾಧಾರಣ ಡೀಸೆಲ್ ಜನರೇಟರ್ ಚಾಲೂ ಆಗುತ್ತದೆ. ಅದರ ಬಲದಿಂದ ನೀರಿನ ಟರ್ಬೈನು, ಅದರ ಬಲದಿಂದ ತಂತಿ, ತಂತಿಯ ತುದಿಯಲ್ಲಿ ದೈತ್ಯ ಸ್ಥಾವರ. ಒಂದು ಉಪಖಂಡಕ್ಕೂ ಬಾಲದ ತುದಿಯಲ್ಲೊಂದು ಎಪಿಯು ಬೇಕಾಗುತ್ತದೆ.

ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ ಮೊದಲ ಕೊಂಡಿ ಹುಡುಕಲು ನೋಡಿದ್ದೇನೆ. ಡೀಸೆಲ್ ಜನರೇಟರಿಗೆ ಬ್ಯಾಟರಿ, ಬ್ಯಾಟರಿಗೆ ಜಾಲ, ಜಾಲಕ್ಕೆ ಹಿಂದಿನ ದಿನ, ಡೀಸೆಲ್ಲಿಗೆ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬಿಸಿಲು ಕುಡಿದು ಸತ್ತ ಸೂಕ್ಷ್ಮಜೀವಿಗಳು. ಎಲ್ಲಿ ನಿಂತರೂ ಅದರ ಹಿಂದೆ ಇನ್ನೊಂದಿರುತ್ತದೆ, ಸಾಮಾನ್ಯವಾಗಿ ತನಗಿಂತ ಸಣ್ಣದು. ಓಡುತ್ತಲೇ ಇರುವ ಶಕ್ತಿಯನ್ನು ಅಳೆಯಲು ನಮ್ಮಲ್ಲಿ ಪೌಂಡ್, ಕಿಲೋವಾಟ್, ಅಶ್ವಶಕ್ತಿ ಎಲ್ಲ ಇವೆ. ನಿಂತದ್ದನ್ನು ಮೊದಲ ಬಾರಿ ಅಲುಗಿಸುವುದು ಎಷ್ಟು ದೊಡ್ಡದೆಂದು ಹೇಳುವ ಅಳತೆ ಮಾತ್ರ ಇನ್ನೂ ಹುಟ್ಟಿಲ್ಲ. ಅದರ ಲೆಕ್ಕ ಬರೆದರೆ ಸೊನ್ನೆಯ ಹತ್ತಿರ ಬರುತ್ತದೆ, ಅದಿಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ಸೊನ್ನೆಯಾಗುತ್ತದೆ. ಇದನ್ನು ಒಮ್ಮೆ ಕಂಡವರು ‘ನನ್ನಷ್ಟಕ್ಕೆ ನಾನೇ ಮೇಲೆ ಬಂದೆ’ ಎನ್ನುವ ಮಾತು ಕೇಳಿದರೆ ಸಿಟ್ಟಾಗುವುದಿಲ್ಲ, ನಗುವುದೂ ಇಲ್ಲ. ಹೌದು, ಮೇಲೆ ಬಂದದ್ದು ನೀವೇ. ಮೊದಲ ಸುತ್ತು ತಿರುಗಿಸಿದವರು ಯಾರು, ನೆನಪಿದೆಯೇ ಎಂದು ಕೇಳುತ್ತಾರೆ.